ಗೇಟಿನ ಆಚೆಯ ಕೈಗಳು

ಕನ್ನಡದಲ್ಲಿ ನಾವು ಕಚೇರಿಗೆ ‘ಮುತ್ತಿಗೆ’ ಹಾಕುತ್ತೇವೆ, ಅದರ ಮುಂದೆಯೇ ‘ಧರಣಿ’ ಕೂರುತ್ತೇವೆ. ಪತ್ರಿಕೆಗಳಲ್ಲಿ ಎರಡೂ ಒಂದೇ ಎಂಬಂತೆ ಬರುತ್ತವೆ. ಆದರೆ ಒಂದು ಕೋಟೆಯನ್ನು ಗೆಲ್ಲಲು ಹೊರಟವರ ಮಾತು, ಇನ್ನೊಂದು ನೆಲ ಬಿಟ್ಟು ಏಳದವರ ಮಾತು. ಬ್ರಿಟನ್ನಿನ ಶಸ್ತ್ರಾಸ್ತ್ರ ಕಾರ್ಖಾನೆಗಳ ಗೇಟು ತಡೆಯುವ ಚಳವಳಿಯನ್ನು ನೋಡುವಾಗಲೆಲ್ಲ ಈ ಎರಡು ಪದಗಳು ನನ್ನನ್ನು ಕಾಡುತ್ತವೆ.

2023ರ ನವೆಂಬರ್ 10ರ ಬೆಳಿಗ್ಗೆ ಕೆಂಟ್‌ನ ರಾಚೆಸ್ಟರ್‌ನಲ್ಲಿ ಬಿಎಇ ಸಿಸ್ಟಮ್ಸ್ ಕಾರ್ಖಾನೆಯ ಗೇಟುಗಳನ್ನು 400ಕ್ಕೂ ಹೆಚ್ಚು ಮಂದಿ ಅಡ್ಡಗಟ್ಟಿದರು. ಶಿಕ್ಷಕರು, ಆಸ್ಪತ್ರೆ ಸಿಬ್ಬಂದಿ, ಕಲಾವಿದರು ತಂತಮ್ಮ ಕಾರ್ಮಿಕ ಸಂಘಗಳ ಬ್ಯಾನರ್ ಹಿಡಿದು ಬಂದಿದ್ದರು. ಗಾಜಾದ ಮೇಲೆ ಇಸ್ರೇಲ್ ಬಳಸುತ್ತಿದ್ದ ಎಫ್-35 ಯುದ್ಧವಿಮಾನದ ಭಾಗಗಳು ತಯಾರಾಗುವ ಜಾಗ ಅದು. ಪ್ರತಿ ಎಫ್-35ರಲ್ಲಿ ಸುಮಾರು ಶೇ 15ರಷ್ಟು ಬ್ರಿಟನ್ನಿನ ಕಾರ್ಖಾನೆಗಳದ್ದೇ. ಯುದ್ಧ ಎಲ್ಲೋ ದೂರದಲ್ಲಿ ನಡೆಯುತ್ತಿದೆ ಎಂದುಕೊಂಡವರಿಗೆ, ಅದರ ಒಂದು ತುದಿ ತಮ್ಮೂರಿನ ಬೆಳಗಿನ ಪಾಳಿಯಲ್ಲೇ ಇದೆ ಎಂದು ಆ ಜನ ತೋರಿಸಿಕೊಟ್ಟರು. ಇದು ಸಣ್ಣ ಕೆಲಸವಲ್ಲ.

ಆದರೂ ತಡೆದದ್ದು ಎಷ್ಟು ಹೊತ್ತು ಎಂದು ಲೆಕ್ಕ ಹಾಕುತ್ತ ಕೂತರೆ ಈ ಚಳವಳಿ ಸೋಲುತ್ತದೆ. ಒಂದು ಪಾಳಿ ನಿಂತರೆ ಮರುದಿನದ ಪಾಳಿ ನಡೆಯುತ್ತದೆ. ಗೇಟಿನ ಒಳಗಿನವರೊಡನೆ ಮಾತು ಬೆಳೆಯದಿದ್ದರೆ ಧರಣಿ ಮುತ್ತಿಗೆಯಾಗುತ್ತದೆ, ಒಳಗಿನ ಕಾರ್ಮಿಕನಿಗೆ ಹೊರಗಿನವರು ತನ್ನ ಅನ್ನಕ್ಕೆ ಕಲ್ಲು ಹಾಕಲು ಬಂದವರಂತೆ ಕಾಣುತ್ತಾರೆ. ಈ ಉದ್ಯಮದಲ್ಲಿ ದೊಡ್ಡ ಸದಸ್ಯಬಲವಿರುವ ಯುನೈಟ್ ಕಾರ್ಮಿಕ ಸಂಘ, ತನ್ನ ಸದಸ್ಯರ ಒಪ್ಪಿಗೆಯಿಲ್ಲದೆ ಅವರ ಕೆಲಸದ ಜಾಗಗಳನ್ನು ಗುರಿಯಾಗಿಸುವ ಚಳವಳಿಗೆ ಬೆಂಬಲವಿಲ್ಲ ಎಂದು 2024ರಲ್ಲಿ ಹೇಳಿತು. ಆ ಮಾತು ನನಗೆ ನೋವು ತಂದಿತು. ಆದರೆ ಅದರ ಹಿಂದಿನ ಭಯ ಸುಳ್ಳಲ್ಲ. ಸಂಬಳ ನಿಂತರೆ ಮನೆ ಕಂತು ಕಟ್ಟುವವರು ಯಾರು ಎಂಬ ಪ್ರಶ್ನೆಗೆ ಗೇಟಿನ ಹೊರಗೆ ನಿಂತವರು ಉತ್ತರ ಕೊಡಲೇಬೇಕು.

ಈ ಉತ್ತರವನ್ನು ಹುಡುಕುವಾಗ ನನಗೆ ನೆನಪಾಗುವುದು ಸ್ಕಾಟ್ಲೆಂಡಿನ ಈಸ್ಟ್ ಕಿಲ್‌ಬ್ರೈಡ್. 1973ರ ಸೆಪ್ಟೆಂಬರ್ 11ರಂದು ಚಿಲಿಯ ಸೇನೆ ಸಾಲ್ವದೋರ್ ಅಯೆಂದೆಯ ಸರ್ಕಾರವನ್ನು ಉರುಳಿಸಿದಾಗ ಅಧ್ಯಕ್ಷರ ಅರಮನೆಯ ಮೇಲೆ ದಾಳಿ ಮಾಡಿದ್ದು ಬ್ರಿಟನ್ ನಿರ್ಮಿತ ಹಾಕರ್ ಹಂಟರ್ ವಿಮಾನಗಳು. ಮರುವರ್ಷ ಆ ವಿಮಾನಗಳ ಎಂಜಿನ್‌ಗಳು ದುರಸ್ತಿಗೆಂದು ಈಸ್ಟ್ ಕಿಲ್‌ಬ್ರೈಡ್‌ನ ರೋಲ್ಸ್ ರಾಯ್ಸ್ ಕಾರ್ಖಾನೆಗೆ ಬಂದವು. ಎಂಜಿನ್ ತಪಾಸಣೆಯ ಕೆಲಸದಲ್ಲಿದ್ದ ಬಾಬ್ ಫುಲ್ಟನ್ ಅವು ಚಿಲಿಯವೆಂದು ಗುರುತು ಹಿಡಿದು, ಮುಟ್ಟುವುದಿಲ್ಲ ಎಂದರು. ಜೊತೆಗಾರರೂ ಕೈ ಹಿಂದೆಗೆದರು. ನಾಲ್ಕು ಎಂಜಿನ್‌ಗಳು ಅಂಗಳದಲ್ಲಿ ಗಾಳಿಮಳೆಗೆ ಒಡ್ಡಿಕೊಂಡು ನಾಲ್ಕು ವರ್ಷ ಬಿದ್ದಿದ್ದವು. 1978ರಲ್ಲಿ ಒಂದು ರಾತ್ರಿ ಗುಟ್ಟಾಗಿ ಸಾಗಿಸಲ್ಪಟ್ಟವು. ಫೆಲಿಪೆ ಬುಸ್ತೋಸ್ ಸಿಯೆರ್ರಾ 2018ರಲ್ಲಿ ಈ ಕಥೆಯನ್ನು ‘ನೇ ಪಸರಾನ್’ ಎಂಬ ಸಾಕ್ಷ್ಯಚಿತ್ರ ಮಾಡಿದರು. ತಾವು ಮಾಡಿದ್ದರಿಂದ ಯಾರಿಗೆ ಏನು ಒಳಿತಾಯಿತು ಎಂಬುದೇ ಆ ಕಾರ್ಮಿಕರಿಗೆ ದಶಕಗಳ ಕಾಲ ಗೊತ್ತಿರಲಿಲ್ಲ. ಅಲ್ಲಿ ಗೇಟು ತಡೆದವರು ಯಾರೂ ಇರಲಿಲ್ಲ. ತಡೆ ಹುಟ್ಟಿದ್ದು ಸ್ಪ್ಯಾನರ್ ಹಿಡಿಯುವ ಕೈಯಲ್ಲಿ, ಬೆನ್ನಿಗಿದ್ದದ್ದು ಕಾರ್ಮಿಕ ಸಂಘ.

ಇನ್ನು ಪೊಲೀಸರ ವಿಚಾರ. 2017ರಲ್ಲಿ ಲಂಡನ್ನಿನ ಶಸ್ತ್ರಾಸ್ತ್ರ ಮೇಳಕ್ಕೆ ಹೋಗುವ ರಸ್ತೆಯಲ್ಲಿ, ಕೊಳವೆಯೊಳಗೆ ಕೈ ತೂರಿಸಿ ಬಂಧಿಸಿಕೊಂಡು ಮಲಗಿದ್ದವರ ಪ್ರಕರಣ ಸುಪ್ರೀಂ ಕೋರ್ಟ್ ತನಕ ಹೋಯಿತು. ಬೇಕೆಂದೇ ರಸ್ತೆ ತಡೆದರೂ ಅದು ಕಾನೂನು ಒಪ್ಪುವ ಪ್ರತಿಭಟನೆಯಾಗಬಹುದು ಎಂದು 2021ರಲ್ಲಿ ತೀರ್ಪು ಬಂತು. ಸರ್ಕಾರ ಸುಮ್ಮನಿರಲಿಲ್ಲ. 2023ರ ಸಾರ್ವಜನಿಕ ಸುವ್ಯವಸ್ಥೆ ಕಾಯ್ದೆ, ಹಾಗೆ ತಮ್ಮನ್ನು ತಾವು ಬಂಧಿಸಿಕೊಳ್ಳುವುದನ್ನೇ ಜೈಲುಶಿಕ್ಷೆಯ ಅಪರಾಧ ಮಾಡಿತು. 2025ರ ಜುಲೈನಲ್ಲಿ ‘ಪ್ಯಾಲೆಸ್ಟೀನ್ ಆ್ಯಕ್ಷನ್’ ಸಂಘಟನೆಯನ್ನು ಭಯೋತ್ಪಾದನೆ ಕಾಯ್ದೆಯಡಿ ನಿಷೇಧಿಸಲಾಯಿತು. ಶಸ್ತ್ರಾಸ್ತ್ರ ಕಾರ್ಖಾನೆಗಳಿಗೆ ನುಗ್ಗಿ ಯಂತ್ರ, ಗಾಜು ಒಡೆಯುವ ಅವರ ದಾರಿ ನನಗೆ ಒಪ್ಪಿಗೆಯಿಲ್ಲ. ಅಪರಾಧವಾದರೆ ಅದಕ್ಕೆ ಆಸ್ತಿ ಹಾನಿಯ ಕಾನೂನು ಇದ್ದೇ ಇದೆ. ಆದರೆ ಆಗಸ್ಟ್ 9ರಂದು ಸಂಸತ್ತಿನ ಎದುರಿನ ಚೌಕದಲ್ಲಿ ಆ ಸಂಘಟನೆಯನ್ನು ಬೆಂಬಲಿಸುವ ಫಲಕ ಕೈಯಲ್ಲಿ ಹಿಡಿದು ಸುಮ್ಮನೆ ಕೂತಿದ್ದ 500ಕ್ಕೂ ಹೆಚ್ಚು ಜನರನ್ನು ಭಯೋತ್ಪಾದನೆ ಕಾಯ್ದೆಯಡಿಯೇ ಬಂಧಿಸಲಾಯಿತು. ಅವರಲ್ಲಿ ಅರ್ಧದಷ್ಟು ಮಂದಿ 60 ದಾಟಿದವರು. ಕೂತ ಅಜ್ಜಿಯನ್ನು ಎತ್ತಿಕೊಂಡು ಹೋಗುವ ಪೊಲೀಸ್ ಪೇದೆಗೆ ಕಾನೂನು ‘ಭಯೋತ್ಪಾದನೆ’ ಎಂಬ ಪದ ಕೊಟ್ಟು ಕಳಿಸಿದರೆ, ಆ ಪದವೇ ಸವೆದುಹೋಗುತ್ತದೆ. ನಿಜವಾದ ಬಾಂಬಿನಿಂದ ಮಕ್ಕಳನ್ನು ಕಳೆದುಕೊಂಡವರಿಗೆ ನಾಳೆ ನಾವು ಯಾವ ಪದ ಹೇಳೋಣ?

ಕೆಲಸದ ಕೈ ಹಿಂದೆಗೆದ ಇನ್ನೊಂದು ಪ್ರಸಂಗವಿದೆ. ನಿಷೇಧಕ್ಕೆ ಮೊದಲು, ಪ್ಯಾಲೆಸ್ಟೀನ್ ಆ್ಯಕ್ಷನ್‌ನವರು 2021ರ ಮೇ ತಿಂಗಳಲ್ಲಿ ಲೆಸ್ಟರ್‌ನಲ್ಲಿ ಇಸ್ರೇಲಿನ ಎಲ್ಬಿಟ್ ಕಂಪನಿಯ ಒಡೆತನದ ಡ್ರೋನ್ ಕಾರ್ಖಾನೆಯ ಚಾವಣಿ ಹತ್ತಿ ಆರು ದಿನ ಇಳಿಯಲಿಲ್ಲ. ಊರಿನ ಜನ ಕೆಳಗೆ ನೆರೆದರು. ಚಾವಣಿಯ ಮೇಲಿದ್ದವರನ್ನು ಇಳಿಸಲು ಪೊಲೀಸರಿಗೆ ಅಗ್ನಿಶಾಮಕ ದಳದ ನೆರವು ಬೇಕಿತ್ತು. ಜೀವ ಉಳಿಸುವುದು ತಮ್ಮ ಕೆಲಸ, ಬಂಧನಕ್ಕೆ ಕೈಜೋಡಿಸುವುದಲ್ಲ ಎಂದು ಅಗ್ನಿಶಾಮಕ ಸಿಬ್ಬಂದಿ ಆ ನೆರವು ಕೊಡಲಿಲ್ಲ.