ಅಳಿಸಿದ ಬಾಟಲಿ

ಮೈಸೂರಿನ ಕುಕ್ಕರಹಳ್ಳಿ ಕೆರೆಯಲ್ಲಿ ತೆಗೆದ ಮಿಂಚುಳ್ಳಿ ಚಿತ್ರವನ್ನು ಛಾಯಾಗ್ರಾಹಕರ ಆನ್‌ಲೈನ್ ಗುಂಪಿಗೆ ಹಾಕಿದೆ. ಶಟರ್ ವೇಗ ಸಾಲದು, ಫೋಕಸ್ ಕಣ್ಣಿನ ಮೇಲಿರಲಿ, ಕ್ಯಾಮೆರಾ ಹಕ್ಕಿಯ ಮಟ್ಟಕ್ಕಿಳಿಯಲಿ ಎಂದರು. ಮೂರೂ ಸರಿ. ನನ್ನ ಪಿಎಚ್.ಡಿ. ಅಧ್ಯಾಯಕ್ಕೂ ಇಷ್ಟು ನೇರವಾದ ಟಿಪ್ಪಣಿ ಸಿಕ್ಕಿಲ್ಲ.

ಮುಂದಿನ ಚಿತ್ರಕ್ಕೆ ಬಂದ ಸಲಹೆ: ದಡದ ಪ್ಲಾಸ್ಟಿಕ್ ಬಾಟಲಿ ಅಳಿಸಿ. ಅಳಿಸಿದೆ, ಮೆಚ್ಚುಗೆ ಸುರಿಯಿತು. ನನ್ನ ತಕರಾರು ಇಲ್ಲಿದೆ. ಅಂತರರಾಷ್ಟ್ರೀಯ ಒಕ್ಕೂಟ ಫಿಯಾಪ್‌ನ ನಿಸರ್ಗ ವಿಭಾಗದಲ್ಲಿ ಚಿತ್ರದ ಅಂಚು ಕತ್ತರಿಸಬಹುದು, ಒಳಗಿನದನ್ನು ಅಳಿಸುವಂತಿಲ್ಲ. ಮನುಷ್ಯನ ವಸ್ತುಗಳು ನಿಸರ್ಗದ ಕಥೆಗೆ ಅಗತ್ಯವಿದ್ದರೆ ಮಾತ್ರ ಇರಲಿ ಎನ್ನುವುದೂ ಅದೇ ನಿಯಮ. ಹಾಗಾದರೆ ಬಾಟಲಿ ಕಸವೋ, ಕಥೆಯೋ? ಗುಂಪಿನಲ್ಲಿ ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಹಕ್ಕಿ ಮೀನು ಹಿಡಿದದ್ದು ಆ ಬಾಟಲಿಯ ಪಕ್ಕದಲ್ಲೇ. ಮೂಲ ಫೈಲ್ ಇನ್ನೂ ಇದೆ. ಈ ಸಲ ಅದನ್ನೇ ಹಾಕುತ್ತೇನೆ.