ಮೂರು ವಾರದ ಧ್ಯಾನ, ಕಣ್ಣಿನೊಳಗಿನ ಜಾಲರಿ

ದೆಹಲಿಯ ಏಮ್ಸ್ ಆವರಣದಲ್ಲಿರುವ ಡಾ. ರಾಜೇಂದ್ರ ಪ್ರಸಾದ್ ನೇತ್ರ ವಿಜ್ಞಾನ ಕೇಂದ್ರದ ಡಾ. ತನುಜ್ ದಾದಾ ಮತ್ತವರ ತಂಡ 2018ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇಂದಿಗೂ ಮನೆಮಾತಾಗಿದೆ. ಗ್ಲಾಕೋಮಾ ಇದ್ದ 90 ಮಂದಿಯನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಎಂದಿನ ಔಷಧದ ಜೊತೆಗೆ ದಿನಕ್ಕೆ 45 ನಿಮಿಷದ ಧ್ಯಾನವನ್ನು 21 ದಿನ ಮಾಡಿಸಿದರು. ಇನ್ನೊಂದು ಗುಂಪಿಗೆ ಔಷಧ ಮಾತ್ರ. ಧ್ಯಾನ ಮಾಡಿದವರಲ್ಲಿ ಕಣ್ಣಿನ ಒತ್ತಡ ಸರಾಸರಿ ಸುಮಾರು 19ರಿಂದ 13 ಮಿಲಿಮೀಟರಿಗೆ ಇಳಿಯಿತು. ರಕ್ತದಲ್ಲಿ ಮಾನಸಿಕ ಒತ್ತಡದ ಹಾರ್ಮೋನಾದ ಕಾರ್ಟಿಸೋಲ್ ಕೂಡ ತಗ್ಗಿತು. ಒಳ್ಳೆಯ ಡ್ರಾಪ್ಸ್ ಒಂದನ್ನು ಹೊಸದಾಗಿ ಶುರು ಮಾಡಿದರೆ ಕಣ್ಣಿನ ಒತ್ತಡ ಎಷ್ಟು ಇಳಿಯಬಹುದೋ ಹೆಚ್ಚುಕಡಿಮೆ ಅಷ್ಟೇ ಇಲ್ಲೂ ಇಳಿದಿತ್ತು.

ಈ ಕೆಲಸವನ್ನು ನಾನು ಗೌರವದಿಂದ ಓದಿದ್ದೇನೆ. ಆದರೆ ಅದು ಹೇಳಿದ್ದೆಷ್ಟು, ಅದರ ಹೆಸರಲ್ಲಿ ಜನ ನಂಬುತ್ತಿರುವುದೆಷ್ಟು ಎಂಬುದರ ನಡುವಿನ ಅಂತರ ನನ್ನನ್ನು ಕಾಡುತ್ತದೆ. ರಾಮಕೃಷ್ಣಪುರಂ, ಮುನಿರ್ಕಾ ಕಡೆಯ ಕನ್ನಡ ಮನೆಗಳಲ್ಲಿ ನಿವೃತ್ತರು ನಾಲ್ಕು ಜನ ಕೂತರೆ ಈ ಪ್ರಶ್ನೆ ಬಂದೇ ಬರುತ್ತದೆ: "ಪ್ರಾಣಾಯಾಮ ಮಾಡ್ತಿದೀನಲ್ಲ, ಡ್ರಾಪ್ಸ್ ಬಿಡಬಹುದಾ?" ಬಿಡಬಾರದು. ಯಾಕೆಂದು ತಿಳಿಯಲು ಕಣ್ಣೊಳಗಿನ ನೀರಿನ ಹಾದಿಯನ್ನು ನೋಡಬೇಕು.

ಪಾಪೆಯ ಸುತ್ತಲಿನ ಬಣ್ಣದ ಪೊರೆಯಾದ ಐರಿಸ್‌ನ ಹಿಂದಿರುವ ಸಿಲಿಯರಿ ಎಂಬ ಭಾಗ ಹಗಲು ಹೊತ್ತಿನಲ್ಲಿ ನಿಮಿಷಕ್ಕೆ ಎರಡು-ಎರಡೂವರೆ ಮೈಕ್ರೋಲೀಟರ್‌ನಷ್ಟು ತಿಳಿನೀರು ಸ್ರವಿಸುತ್ತದೆ. ಕಣ್ಣೀರಿಗೂ ಇದಕ್ಕೂ ಸಂಬಂಧವಿಲ್ಲ. ರಕ್ತನಾಳ ಇಲ್ಲದ ಮಸೂರಕ್ಕೂ ಕಾರ್ನಿಯಾದ ಒಳಪದರಕ್ಕೂ ಇದೇ ಆಹಾರ. ಪಾಪೆಯ ಮೂಲಕ ಮುಂದಕ್ಕೆ ಬಂದ ಈ ನೀರು ಕಾರ್ನಿಯಾ ಮತ್ತು ಐರಿಸ್ ಕೂಡುವ ಕೋನದಲ್ಲಿರುವ ಸೂಕ್ಷ್ಮ ಜಾಲರಿಯಲ್ಲಿ ಸೋಸಿ, ಷ್ಲೆಮ್ ಕಾಲುವೆಗೆ ಇಳಿದು, ಅಲ್ಲಿಂದ ರಕ್ತನಾಳ ಸೇರುತ್ತದೆ. ಸ್ವಲ್ಪ ಭಾಗ ಮಾತ್ರ ಸಿಲಿಯರಿ ಸ್ನಾಯುವಿನ ಎಳೆಗಳ ನಡುವಿನಿಂದ ಬೇರೆ ದಾರಿ ಹಿಡಿಯುತ್ತದೆ. ಎರಡು ಗಂಟೆಯೊಳಗೆ ಹಳೆಯ ನೀರೆಲ್ಲ ಹೋಗಿ ಹೊಸದು ತುಂಬಿರುತ್ತದೆ. ಕೆರೆಗೆ ಒಳಹರಿವು ಅಷ್ಟೇ ಇದ್ದು ತೂಬು ಕಟ್ಟಿಕೊಂಡರೆ ಏನಾಗುವುದೋ ಇಲ್ಲೂ ಅದೇ ಆಗುತ್ತದೆ. ಒತ್ತಡ ಏರಿ ಕಣ್ಣಿನ ಹಿಂಭಾಗದಲ್ಲಿ ದೃಷ್ಟಿನರದ ಎಳೆಗಳು ಒಂದೊಂದಾಗಿ ಸಾಯುತ್ತವೆ, ಅಂಚಿನ ನೋಟ ಮೊದಲು ಹೋಗುತ್ತದೆ. ಹೋದದ್ದು ಮರಳುವುದಿಲ್ಲ. ಇದೇ ಗ್ಲಾಕೋಮಾ. ಒತ್ತಡ ಸಾಮಾನ್ಯ ಮಟ್ಟದಲ್ಲಿದ್ದೂ ನರ ಹಾಳಾಗುವ ಗ್ಲಾಕೋಮಾ ಕೂಡ ಇದೆ. ಆದರೂ ಚಿಕಿತ್ಸೆಗೆ ಸಿಕ್ಕಿರುವ ಹಿಡಿ ಇಂದಿಗೂ ಒತ್ತಡ ಒಂದೇ.

ಒತ್ತಡವನ್ನು ಇಳಿಸಲು ಹೊರಟ ವೈದ್ಯರಲ್ಲಿ ಅನೇಕರು ಜಾಲರಿಯನ್ನು ಬಿಟ್ಟು ಪಕ್ಕದಲ್ಲೇ ಹೊಸ ದಾರಿ ಕೊರೆದರು. ಮದರಾಸಿನ ಸರ್ಕಾರಿ ಕಣ್ಣಾಸ್ಪತ್ರೆಯಲ್ಲಿ ರಾಬರ್ಟ್ ಹೆನ್ರಿ ಎಲಿಯಟ್ 1909ರಲ್ಲಿ ಕಣ್ಣಿನ ಗೋಡೆಗೇ ಸಣ್ಣ ರಂಧ್ರ ಮಾಡುವ ವಿಧಾನವನ್ನು ಬಳಕೆಗೆ ತಂದ. 1968ರಲ್ಲಿ ಕೇಂಬ್ರಿಜ್‌ನ ಜಾನ್ ಕೇರ್ನ್ಸ್ ಟ್ರಾಬೆಕ್ಯುಲೆಕ್ಟಮಿಯನ್ನು ವಿವರಿಸಿದ. ಜಾಲರಿಯ ತುಣುಕು ಕತ್ತರಿಸಿದರೆ ನೀರು ಷ್ಲೆಮ್ ಕಾಲುವೆಯ ಕತ್ತರಿಸಿದ ತುದಿಗಳಿಗೆ ನೇರ ಹೋಗುತ್ತದೆ ಎಂದು ಅವನ ಎಣಿಕೆ. ನಿಜವಾಗಿ ನೀರು ಕಣ್ಣಿನ ಬಿಳಿಭಾಗವನ್ನು ಹೊದ್ದಿರುವ ತೆಳುಪೊರೆಯ ಅಡಿಗೆ ಸೋರಿ ಅಲ್ಲಿಂದ ಹೀರಿಕೊಳ್ಳಲ್ಪಡುತ್ತಿತ್ತು. ಎಣಿಕೆ ತಪ್ಪಿದರೂ ಶಸ್ತ್ರಚಿಕಿತ್ಸೆ ಉಳಿಯಿತು. ಇದರ ಶತ್ರು ಗಾಯ ಮಾಯುವ ಗುಣ: ಕೊರೆದ ದಾರಿಯನ್ನು ದೇಹ ಮುಚ್ಚಿಬಿಡುತ್ತದೆ. ಹಾಗೆ ಮುಚ್ಚಿದವರಿಗೆ ನಳಿಕೆ ಇಡುತ್ತಾರೆ. ಮದುರೆಯ ಆರೋಲ್ಯಾಬ್ 2013ರಿಂದ ಅಗ್ಗದ ನಳಿಕೆಯನ್ನು ತಯಾರಿಸುತ್ತಿರುವುದು ಬಡರೋಗಿಗಳಿಗೆ ದೊಡ್ಡ ಉಪಕಾರ.

ದೆಹಲಿಯ ತಂಡದ 2021ರ ಪ್ರಬಂಧ ನನಗೆ ಮೊದಲಿನದಕ್ಕಿಂತ ಮುಖ್ಯವಾಗಿ ಕಾಣುವುದು ಈ ಹಿನ್ನೆಲೆಯಲ್ಲಿ. ಟ್ರಾಬೆಕ್ಯುಲೆಕ್ಟಮಿಗೆ ದಿನ ಗೊತ್ತಾಗಿದ್ದ 60 ಮಂದಿಯನ್ನು ತೆಗೆದುಕೊಂಡು, ಅವರಲ್ಲಿ ಅರ್ಧದಷ್ಟು ಜನಕ್ಕೆ ಮೂರು ವಾರ ಧ್ಯಾನ ಮಾಡಿಸಿ, ಶಸ್ತ್ರಚಿಕಿತ್ಸೆಯಲ್ಲಿ ಸಿಕ್ಕ ಜಾಲರಿಯ ಅಂಗಾಂಶವನ್ನೇ ಪರೀಕ್ಷಿಸಿದರು. ಧ್ಯಾನ ಮಾಡಿದವರ ಒತ್ತಡ ಸುಮಾರು 20ರಿಂದ 15ಕ್ಕೆ ಇಳಿದಿತ್ತು. ನೈಟ್ರಿಕ್ ಆಕ್ಸೈಡ್ ತಯಾರಿಸುವ ಕಿಣ್ವಗಳ ಜೀನ್‌ಗಳು ಅವರ ಜಾಲರಿಯಲ್ಲಿ ಹೆಚ್ಚು ಚುರುಕಾಗಿದ್ದವು, ಉರಿಯೂತಕ್ಕೆ ಸಂಬಂಧಿಸಿದ ಕೆಲವು ಜೀನ್‌ಗಳು ತಗ್ಗಿದ್ದವು. ನೈಟ್ರಿಕ್ ಆಕ್ಸೈಡ್ ಜಾಲರಿಯ ಕೋಶಗಳನ್ನು ಸಡಿಲಿಸುತ್ತದೆ, ಸಡಿಲವಾದಲ್ಲಿ ನೀರು ಸುಲಭವಾಗಿ ಸೋಸುತ್ತದೆ. ಇದೇ ಗುಣವನ್ನು ನಂಬಿದ ಲ್ಯಾಟನೊಪ್ರೊಸ್ಟೀನ್ ಬ್ಯುನಾಡ್ ಎಂಬ ಡ್ರಾಪ್ಸ್‌ಗೆ ಅಮೆರಿಕದಲ್ಲಿ 2017ರಲ್ಲೇ ಒಪ್ಪಿಗೆ ಸಿಕ್ಕಿದೆ. ಹಾಗಾಗಿ ತಂಡದ ವಾದ ಗಾಳಿಯಲ್ಲಿ ತೇಲುವಂಥದ್ದಲ್ಲ. ಮನಸ್ಸು ಶಾಂತವಾದರೆ ಕಣ್ಣು ನೆಟ್ಟಗಾಗುತ್ತದೆ ಎಂದು ಹೇಳಿ ಕೈತೊಳೆದುಕೊಳ್ಳದೆ, ಶಾಂತಿ ಎಲ್ಲಿ, ಯಾವ ಅಂಗಾಂಶದಲ್ಲಿ ಕೆಲಸ ಮಾಡಿತು ಎಂದು ಹುಡುಕಲು ಹೋಗಿದ್ದಾರೆ. ಧ್ಯಾನದ ಬಗ್ಗೆ ನಮ್ಮ ದೇಶದಲ್ಲಿ ನಡೆದಿರುವ ಎಷ್ಟೋ ಅಧ್ಯಯನಗಳಲ್ಲಿ ಈ ಹುಡುಕಾಟವೇ ಇರುವುದಿಲ್ಲ.

ಇಲ್ಲೇ ಇನ್ನೊಂದು ಮಾತೂ ಇದೆ. ಜಾಲರಿಯ ತುಣುಕು ಸಂಶೋಧಕರ ಕೈಗೆ ಬಂದದ್ದು ಶಸ್ತ್ರಚಿಕಿತ್ಸೆ ನಡೆದದ್ದರಿಂದ. ಒತ್ತಡ ಐದು ಮಿಲಿಮೀಟರ್ ಇಳಿದ ಮೇಲೂ ಆ ರೋಗಿಗಳು ಆಪರೇಷನ್ ಟೇಬಲ್ ಮೇಲೆ ಮಲಗಿದರು. ಧ್ಯಾನವು ಚಿಕಿತ್ಸೆಯ ಬದಲಿಗೆ ಬರುವುದೆಂದು ಈ ಪ್ರಬಂಧವನ್ನು ಮುಂದಿಟ್ಟು ವಾದಿಸುವವರು ಅದರ ವಿಧಾನದ ಭಾಗವನ್ನು ಓದಿಲ್ಲ.

ಲೋಪಗಳೂ ಸಣ್ಣವಲ್ಲ. ಗ್ಲಾಕೋಮಾ ಹತ್ತಾರು ವರ್ಷ ಜೊತೆಗಿರುವ ರೋಗ, ಮೂರು ವಾರ ಅದರಲ್ಲಿ ಏನೂ ಅಲ್ಲ. ಒತ್ತಡ ಇಳಿದದ್ದು ನಿಜವೇ ಆದರೂ ನರ ಉಳಿಯಿತೇ ಎಂಬುದಕ್ಕೆ ಅಷ್ಟು ದಿನದಲ್ಲಿ ಉತ್ತರ ಸಿಗದು. ತಾನು ಧ್ಯಾನ ಮಾಡುತ್ತಿದ್ದೇನೆಂದು ಆ ಗುಂಪಿನವರಿಗೆ ಗೊತ್ತು, ತಮಗೆ ಧ್ಯಾನವಿಲ್ಲವೆಂದು ಈ ಗುಂಪಿನವರಿಗೂ ಗೊತ್ತು. ದಿನವೂ ಮುಕ್ಕಾಲು ಗಂಟೆ ಶಿಸ್ತಿನಿಂದ ಕೂರುವ ಮನುಷ್ಯ ಡ್ರಾಪ್ಸ್ ಹಾಕಿಕೊಳ್ಳುವುದರಲ್ಲೂ ಶಿಸ್ತು ಕಲಿತಿರಬಹುದು. ಗ್ಲಾಕೋಮಾ ರೋಗಿಗಳು ಡ್ರಾಪ್ಸ್ ಮರೆಯುವುದು ಎಲ್ಲ ದೇಶಗಳಲ್ಲೂ ಕಂಡದ್ದೇ. ಮೊದಲ ಪ್ರಯೋಗದ ಆ ಆರು ಮಿಲಿಮೀಟರಿನಲ್ಲಿ ಧ್ಯಾನದ ಪಾಲೆಷ್ಟು, ತಪ್ಪದೆ ಬಿದ್ದ ಹನಿಯ ಪಾಲೆಷ್ಟು ಎಂದು ಬಿಡಿಸಿ ತೋರಿಸುವ ತನಕ ನಾನು ಪೂರ್ತಿ ಒಪ್ಪಲಾರೆ.

ಇದಕ್ಕಿಂತ ಗಂಭೀರವಾದದ್ದು ಸಂಶೋಧಕರ ತಪ್ಪಲ್ಲ, ಸುದ್ದಿಯಾಗಿ ಹರಡುವಾಗ ಉದುರಿಹೋದ ವಿವರ. ಈ ಎರಡೂ ಪ್ರಯೋಗಗಳಲ್ಲಿ ಇದ್ದವರು ತೆರೆದ ಕೋನದ ಗ್ಲಾಕೋಮಾದವರು. ಅಂದರೆ ಜಾಲರಿಯವರೆಗೆ ದಾರಿ ತೆರೆದಿದೆ, ಜಾಲರಿಯೇ ಬಿಗಿದಿದೆ. ಭಾರತದಲ್ಲಿ ಗ್ಲಾಕೋಮಾ ಇರುವವರಲ್ಲಿ ದೊಡ್ಡದೊಂದು ಪಾಲು ಜನರದ್ದು ಮುಚ್ಚಿದ ಕೋನದ ಬಗೆ. ಅವರಲ್ಲಿ ಐರಿಸ್ ಮುಂದಕ್ಕೆ ಬಾಗಿ ಜಾಲರಿಗೇ ಒತ್ತಿಕೊಂಡಿರುತ್ತದೆ. ನೀರು ಜಾಲರಿಯನ್ನು ಮುಟ್ಟದಿದ್ದರೆ ಜಾಲರಿ ಸಡಿಲಾಗಿ ಏನು ಬಂತು? ಅಂಥವರಿಗೆ ಬೇಕಾದದ್ದು ಐರಿಸ್‌ನಲ್ಲಿ ಲೇಸರ್ ರಂಧ್ರ, ಅಥವಾ ಉಬ್ಬಿದ ಮಸೂರವನ್ನೇ ತೆಗೆಯುವುದು. ಮಸೂರ ತೆಗೆಯುವುದರ ಲಾಭವನ್ನು 2016ರ ಈಗಲ್ ಪ್ರಯೋಗ ಚೆನ್ನಾಗಿ ತೋರಿಸಿತು. ಯಾವ ಬಗೆ ಎಂದು ತಿಳಿಯಲು ಒತ್ತಡದ ಸಂಖ್ಯೆ ಸಾಲದು, ಕನ್ನಡಿ ಇರುವ ಮಸೂರವನ್ನು ಕಣ್ಣಿಗಿಟ್ಟು ಕೋನ ನೋಡುವ ಗೋನಿಯೋಸ್ಕೋಪಿ ಬೇಕು. ಕೆಲವೇ ನಿಮಿಷದ ಕೆಲಸ. ರೋಗಿಗಳ ಸಾಲು ಉದ್ದವಿದ್ದಾಗ ಮೊದಲು ಬಿಟ್ಟುಹೋಗುವುದೂ ಇದೇ.

ಧ್ಯಾನವೆಂದರೆ ಯೋಗ, ಯೋಗವೆಂದರೆ ಆಸನ ಎಂದು ಮಾತು ಜಾರುವುದೂ ಅಪಾಯ. ಶೀರ್ಷಾಸನದಲ್ಲಿ ಕಣ್ಣಿನ ಒತ್ತಡ ಸುಮಾರು ಎರಡು ಪಟ್ಟು ಏರುತ್ತದೆಂದು ಚೆನ್ನೈನ ವೈದ್ಯರು 2006ರಲ್ಲೇ ಅಳೆದು ತೋರಿಸಿದ್ದಾರೆ.

ಜಾಲರಿಯ ಮಾತು ಬಂದ ಮೇಲೆ ದೆಹಲಿಯ ಇನ್ನೊಂದು ವಿಷಯ ಬಿಡಲಾಗದು. ಏಪ್ರಿಲ್ ಬಂತೆಂದರೆ ಇಲ್ಲಿನ ಬಿಸಿಲು-ಧೂಳಿಗೆ ಎಷ್ಟೋ ಮಕ್ಕಳ ಕಣ್ಣು ಕೆಂಪಾಗಿ ತುರಿಸತೊಡಗುತ್ತದೆ. ಸ್ಟಿರಾಯ್ಡ್ ಡ್ರಾಪ್ಸ್ ಹಾಕಿದರೆ ಒಂದೆರಡು ದಿನಕ್ಕೆ ತುರಿಕೆ ನಿಲ್ಲುತ್ತದೆ. ವೈದ್ಯರ ಚೀಟಿ ಇಲ್ಲದೆ ಮಾರಬಾರದೆಂಬ ನಿಯಮವಿದ್ದರೂ ಹಳೆಯ ಬಾಟಲಿ ತೋರಿಸಿದರೆ ಸಾಕು, ಹೊಸದು ಸಿಗುತ್ತದೆ. ತಿಂಗಳುಗಟ್ಟಲೆ, ವರ್ಷಗಟ್ಟಲೆ ಸಿಗುತ್ತದೆ. ಸ್ಟಿರಾಯ್ಡ್ ಜಾಲರಿಯಲ್ಲಿ ಪ್ರೋಟೀನಿನಂಥ ವಸ್ತುವನ್ನು ಶೇಖರಿಸಿ ಅದನ್ನು ಗಟ್ಟಿ ಮಾಡುತ್ತದೆ. ಮೂರರಲ್ಲಿ ಒಬ್ಬರಿಗೆ ಒತ್ತಡ ಸಾಧಾರಣವಾಗಿ, ನೂರರಲ್ಲಿ ಐದಾರು ಜನರಿಗೆ ಬಹಳ ಜೋರಾಗಿ ಏರುತ್ತದೆ. ನೋವಿಲ್ಲದ್ದರಿಂದ ಮನೆಯವರಿಗೆ ಗೊತ್ತಾಗುವುದು ಮಗು ತರಗತಿಯ ಹಲಗೆ ಕಾಣುವುದಿಲ್ಲ ಎಂದಾಗ. ಈ ಗ್ಲಾಕೋಮಾ ಬಹುಮಟ್ಟಿಗೆ ತಡೆಯಬಹುದಾದದ್ದು ಎಂಬುದೇ ನನ್ನ ಸಂಕಟ. ಜಾಲರಿ ಸಡಿಲಿಸುವ ಸಂಶೋಧನೆಗೆ ಸಿಕ್ಕ ಪ್ರಚಾರದ ಕಾಲು ಭಾಗ ಜಾಲರಿ ಕಟ್ಟಿಸುತ್ತಿರುವ ಈ ಬಾಟಲಿಗೆ ಸಿಕ್ಕಿದ್ದರೆ ಎಷ್ಟೋ ಮಕ್ಕಳ ಕಣ್ಣು ಉಳಿಯುತ್ತಿತ್ತು.

ಏಮ್ಸ್ ತಂಡದಿಂದ ಮುಂದೆ ನನಗೆ ಬೇಕಾದದ್ದು ಇಷ್ಟು. ಐದು ವರ್ಷವಾದರೂ ನಡೆಯುವ ಪ್ರಯೋಗ. ಧ್ಯಾನವಿಲ್ಲದ ಗುಂಪಿಗೂ ಅಷ್ಟೇ ಹೊತ್ತು ಸುಮ್ಮನೆ ಕೂತು ಸಂಗೀತ ಕೇಳುವಂಥ ಏನಾದರೂ ಕೆಲಸ. ಯಾರು ಎಷ್ಟು ಹನಿ ಹಾಕಿಕೊಂಡರೆಂದು ತಿಳಿಯಲು ಬಾಟಲಿಯ ತೂಕ. ಒತ್ತಡದ ಜೊತೆ ನೋಟದ ಹರವು ಮತ್ತು ನರದ ಪದರದ ದಪ್ಪದ ಅಳತೆ. ಮುಚ್ಚಿದ ಕೋನಕ್ಕೆ ಲೇಸರ್ ಮಾಡಿಸಿಕೊಂಡ ಮೇಲೂ ಒತ್ತಡ ಇಳಿಯದವರ ಒಂದು ಪ್ರತ್ಯೇಕ ಗುಂಪನ್ನೂ ಸೇರಿಸಿದರೆ, ನಮ್ಮ ದೇಶದ ಈ ಬಗೆಯ ರೋಗಿಗಳಿಗೆ ಧ್ಯಾನದಿಂದ ಏನಾದರೂ ಸಿಗುತ್ತದೋ ಇಲ್ಲವೋ ಎಂಬುದಕ್ಕೂ ಉತ್ತರ ದೊರೆಯುತ್ತದೆ.