ಮುಖವಾಡದ ಮಗು ಮತ್ತು ಕುಂತಿಯ ಮೌನ

ಗಡಿನಾಡ ಶಿಕ್ಷಕರ ಸಂಶೋಧನ ಸಂಚಿಕೆಯಲ್ಲಿ, ಶಾಸನ ವಚನ ಜಾನಪದಗಳ ನಡುವೆ, ಆಂಗ್ಲ ದೂರದರ್ಶನದ ವೈಜ್ಞಾನಿಕ ಕಥೆಯೊಂದನ್ನು ವಿಮರ್ಶೆಗೆ ಎತ್ತಿಕೊಳ್ಳುವದು ಕೆಲವರಿಗೆ ಅಪ್ರಸ್ತುತವೆನಿಸೀತು. ಆದರೆ ವಿಜಾಪುರ ರಸ್ತೆಯ ಬಡಾವಣೆಗಳಲ್ಲಿಯೂ ಅಕ್ಕಲಕೋಟೆಯ ಹಳ್ಳಿಗಳಲ್ಲಿಯೂ ನಮ್ಮ ವಿದ್ಯಾರ್ಥಿಗಳು ಇಂದು ಕಥೆಯನ್ನು ಮೊದಲು ಕಾಣುವದು ಕೈಯೊಳಗಿನ ಫೋನಿನಲ್ಲಿ. ಪುಸ್ತಕದ ಸರದಿ ಆಮೇಲೆ. ಅವರು ನೋಡುವದನ್ನು ನಾವು ನೋಡದೆ ಅದು ಕೆಟ್ಟದ್ದೆಂದು ತೀರ್ಪು ಕೊಟ್ಟರೆ, ಓದದ ಉತ್ತರಪತ್ರಿಕೆಗೆ ಗುಣ ಹಾಕಿದಂತಾಗುವದು. ಅದಕ್ಕಾಗಿ ಈ ಯತ್ನ.

'ಡಾಕ್ಟರ್ ಹೂ' ಎಂಬ ಮಾಲಿಕೆಯನ್ನು ಬಿ.ಬಿ.ಸಿ.ಯವರು 1963ರ ನವೆಂಬರ 23ರಂದು ಆರಂಭಿಸಿದರು. 1989ರಲ್ಲಿ ನಿಂತಿದ್ದ ಅದನ್ನು 2005ರಲ್ಲಿ ರಸೆಲ್ ಟಿ. ಡೇವಿಸ್ ಅವರು ಪುನಃ ಚಾಲನೆಗೆ ತಂದರು. ಇದರ ನಾಯಕನು ಹೆಸರು ಹೇಳದ ಕಾಲಯಾತ್ರಿಕ. ಎಲ್ಲರೂ ಅವನನ್ನು 'ಡಾಕ್ಟರ್' ಎಂದೇ ಕರೆಯುವರು. ನೀಲಿ ಬಣ್ಣದ ಪೋಲೀಸ್ ಪೆಟ್ಟಿಗೆಯೊಂದರಲ್ಲಿ ಕುಳಿತು ಹಿಂದಿನ ಕಾಲಕ್ಕೂ ಮುಂದಿನ ಕಾಲಕ್ಕೂ ಹೋಗಿಬರುವದು ಅವನ ಕಾಯಕ. ನಾನು ಇಲ್ಲಿ ಪರಿಶೀಲಿಸುವದು 2005ರ ಮೇ 21 ಹಾಗೂ 28ರಂದು ಎರಡು ಕಂತುಗಳಾಗಿ ಪ್ರಸಾರವಾದ ಒಂದೇ ಕಥೆಯನ್ನು. ಮೊದಲ ಕಂತು 'ದಿ ಎಂಪ್ಟಿ ಚೈಲ್ಡ್', ಎರಡನೆಯದು 'ದಿ ಡಾಕ್ಟರ್ ಡಾನ್ಸಸ್'. ಬರೆದವರು ಸ್ಟೀವನ್ ಮೊಫಟ್, ನಿರ್ದೇಶಕರು ಜೇಮ್ಸ್ ಹಾಜ್. ವೈಜ್ಞಾನಿಕ ಕಥಾಸಾಹಿತ್ಯಕ್ಕೆ ಕೊಡುವ ಹ್ಯೂಗೋ ಪ್ರಶಸ್ತಿ 2006ರಲ್ಲಿ ಇದಕ್ಕೆ ದೊರೆಯಿತು.

ಕಥೆ ನಡೆಯುವದು 1941ರ ಲಂಡನ್ನಿನಲ್ಲಿ. 1940ರ ಸಪ್ಟೆಂಬರ 7ರಿಂದ ಮರುವರ್ಷದ ಮೇ ತಿಂಗಳವರೆಗೆ ಜರ್ಮನ್ ವಿಮಾನಗಳು ಬ್ರಿಟನ್ನಿನ ಪಟ್ಟಣಗಳ ಮೇಲೆ ಬಾಂಬು ಸುರಿಸಿದವು. ನಾಲ್ವತ್ತು ಸಾವಿರಕ್ಕೂ ಮಿಕ್ಕಿ ನಾಗರಿಕರು ಮಡಿದರು. ಅಂಥ ಒಂದು ರಾತ್ರಿ ಡಾಕ್ಟರನೂ ಆತನ ಜೊತೆಗಾತಿ ರೋಜ್‌ಳೂ ಆಕಾಶದಿಂದ ಬಿದ್ದ ಕೊಳವೆಯಂಥ ವಸ್ತುವೊಂದನ್ನು ಹುಡುಕುತ್ತ ಅಲ್ಲಿಗೆ ಬರುವರು. ಪಾನಗೃಹವೊಂದರ ವೇದಿಕೆಯನ್ನೇರಿ ಡಾಕ್ಟರನು, 'ಇತ್ತೀಚೆಗೆ ಮೇಲಿನಿಂದ ಏನಾದರೂ ಬಿದ್ದಿದೆಯೇ?' ಎಂದು ಕೇಳುತ್ತಾನೆ. ಕುಳಿತವರೆಲ್ಲ ಬಿದ್ದು ಬಿದ್ದು ನಗುತ್ತಾರೆ. ಮರುಗಳಿಗೆಗೆ ಅಪಾಯದ ಸೈರನ್ನು ಕೂಗುತ್ತದೆ. ಕಾಲ, ಸ್ಥಳ, ಸಾವಿನ ನೆರಳಿನಲ್ಲಿಯೂ ನಗಬಲ್ಲ ಜನರ ಸ್ವಭಾವ, ಇಷ್ಟನ್ನೂ ಒಂದು ಪ್ರಶ್ನೆಯಲ್ಲಿ ಹಿಡಿದುಕೊಟ್ಟ ಈ ಸನ್ನಿವೇಶರಚನೆಗೆ ನಾವು ತಲೆದೂಗಲೇಬೇಕು.

ಆ ಪಟ್ಟಣದ ಬೀದಿಗಳಲ್ಲಿ ನಾಲ್ಕೈದು ವರ್ಷದ ಒಬ್ಬ ಹುಡುಗ, ವಿಷಾನಿಲದಿಂದ ರಕ್ಷಿಸುವ ಮುಖವಾಡ ಧರಿಸಿ ಒಂಟಿಯಾಗಿ ಅಲೆಯುತ್ತಿದ್ದಾನೆ. ಅವನ ಬಾಯಲ್ಲಿ ಒಂದೇ ಮಾತು: ನೀನು ನನ್ನ ಅವ್ವನೇ? ತಂತಿಯಿಲ್ಲದ ಟೆಲಿಫೋನಿನಿಂದ, ಆರಿಸಿದ ರೇಡಿಯೋದಿಂದ, ಕೀಲಿ ಕೊಡದ ಆಟಿಗೆಯಿಂದ ಅದೇ ಧ್ವನಿ ಬರುತ್ತದೆ. ಅವನು ಮುಟ್ಟಿದವರೆಲ್ಲ ಅವನಂತೆಯೇ ಆಗುತ್ತಾರೆ. ಆಸ್ಪತ್ರೆಯ ಮಂಚಗಳ ಮೇಲೆ ಸಾಲಾಗಿ ಮಲಗಿದವರಿಗೆಲ್ಲ ತಲೆಯಲ್ಲಿ ಅದೇ ಪೆಟ್ಟು, ಎದೆಯಲ್ಲಿ ಅದೇ ಜಜ್ಜು, ಕೈಯ ಮೇಲೆ ಅದೇ ಗಾಯದ ಗುರುತು. ಮುಖಕ್ಕೆ ಅಂಟಿದ ಮುಖವಾಡವಂತೂ ತೊಗಲೇ ಆಗಿಬಿಟ್ಟಿದೆ.

ನಮ್ಮ ಆಲಂಕಾರಿಕರ ಪರಿಭಾಷೆಯಲ್ಲಿ ಹೇಳುವದಾದರೆ, ವಾತ್ಸಲ್ಯಕ್ಕೆ ಆಲಂಬನವಾಗಬೇಕಾದ ಮಗುವೇ ಇಲ್ಲಿ ಭಯಕ್ಕೆ ಆಲಂಬನವಾಗಿದೆ. ಅವ್ವಾ ಎಂಬ ಕರೆ ಉದ್ದೀಪನ ವಿಭಾವ. ಭಯಾನಕವನ್ನು ಹುಟ್ಟಿಸಲು ಹಲ್ಲು ಉಗುರು ಕೋಡುಗಳ ರಾಕ್ಷಸನನ್ನು ತರುವದು ಸುಲಭ. ತಾಯಿಯನ್ನು ಕೇಳುವ ಕೂಸಿಗೆ ಬಾಗಿಲು ಮುಚ್ಚಿಕೊಳ್ಳುವಂತೆ ಮಾಡಿ, ಮುಚ್ಚಿದವರ ಮನಸ್ಸಿನಲ್ಲಿ ಅಂಜಿಕೆಯ ಬದಿಗೇ ಪಾಪಪ್ರಜ್ಞೆಯನ್ನೂ ನಿಲ್ಲಿಸುವದು ಕಠಿಣ. ಕಥೆ ಮುಂದುವರಿದಂತೆ ಭಯಾನಕವು ಕರುಣಕ್ಕೆ ತಿರುಗುತ್ತದೆ, ಆದರೂ ಅಂಜಿಕೆ ಪೂರ್ತಿ ಇಂಗುವದಿಲ್ಲ. ಈ ಎರಡು ರಸಗಳ ಹೊಂದಿಕೆಯೇ ಕಥೆಯ ಮುಖ್ಯ ಸಿದ್ಧಿಯೆಂದು ನನ್ನ ಮತ.

ಮುಖವಾಡದ ಆಯ್ಕೆಯೂ ಅರ್ಥಪೂರ್ಣವಾಗಿದೆ. 1938ರ ಸಪ್ಟೆಂಬರದ ಹೊತ್ತಿಗೆ ಬ್ರಿಟನ್ನಿನಲ್ಲಿ ಸುಮಾರು 3 ಕೋಟಿ 80 ಲಕ್ಷ ಇಂಥ ಮುಖವಾಡಗಳನ್ನು ಹಂಚಿದ್ದರು. ಮಕ್ಕಳು ಅವನ್ನು ಪೆಟ್ಟಿಗೆಯಲ್ಲಿಟ್ಟು ಹೆಗಲಿಗೆ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದರು. ಯುದ್ಧ ಮುಗಿಯುವವರೆಗೂ ಆ ದೇಶದ ಮೇಲೆ ವಿಷಾನಿಲ ಬೀಳಲೇ ಇಲ್ಲ. ಬಿದ್ದದ್ದು ಬಾಂಬು ಮತ್ತು ಬೆಂಕಿ. ಬಾರದ ಆಪತ್ತಿಗೆ ಸಿದ್ಧಪಡಿಸಿದ ರಕ್ಷೆ, ಬಂದ ಆಪತ್ತಿನಿಂದ ಈ ಹುಡುಗನನ್ನು ಕಾಯಲಿಲ್ಲ. ಮೇಲಾಗಿ ಅವನ ಮುಖವನ್ನೇ ನುಂಗಿತು. ಲೇಖಕರು ಇದನ್ನು ಎಲ್ಲಿಯೂ ಬಾಯಿಬಿಟ್ಟು ಹೇಳುವದಿಲ್ಲ. ಹೇಳದಿದ್ದದ್ದೇ ಲೇಸಾಯಿತು.

ಶಿಕ್ಷಕರಾದವರು ವಿಶೇಷವಾಗಿ ಲಕ್ಷಿಸಬೇಕಾದ ಪಾತ್ರ ನ್ಯಾನ್ಸಿಯದು. ಇಪ್ಪತ್ತರ ಆಸುಪಾಸಿನ ಈ ಹುಡುಗಿ, ಸೈರನ್ನು ಕೂಗಿದಾಗ ಯಾವ ಮನೆಯವರು ಊಟ ಬಿಟ್ಟು ಹಿತ್ತಲಿನ ಆಶ್ರಯಗುಂಡಿಗೆ ಓಡುವರೋ ಆ ಮನೆಯನ್ನು ಹೊಕ್ಕು, ಬೀದಿಯ ಅನಾಥ ಮಕ್ಕಳನ್ನು ಕರೆದು ಅದೇ ಮೇಜಿಗೆ ಕೂಡ್ರಿಸಿ ಬಡಿಸುತ್ತಾಳೆ. ಕದ್ದ ಊಟವಾದರೂ ಪಂಕ್ತಿಯ ಶಿಸ್ತು ತಪ್ಪುವಂತಿಲ್ಲ: ಒಬ್ಬರಿಗೆ ಒಂದೇ ತುಂಡು, ಕಸಿದುಕೊಳ್ಳಬಾರದು, ಸರಿಯಾಗಿ ಅಗಿಯಬೇಕು. ಈ ಮಕ್ಕಳು ಎಲ್ಲಿಂದ ಬಂದರು? 1939ರ ಸಪ್ಟೆಂಬರ 1ರಿಂದ ಮೂರೇ ದಿನಗಳಲ್ಲಿ ಸುಮಾರು 15 ಲಕ್ಷ ಜನರನ್ನು, ಹೆಚ್ಚಾಗಿ ಶಾಲಾಮಕ್ಕಳನ್ನು, ಅವರ ಶಿಕ್ಷಕರೊಡನೆ ಪಟ್ಟಣಗಳಿಂದ ಹಳ್ಳಿಗಾಡಿಗೆ ಸಾಗಿಸಿದ್ದರು. ಅವರಲ್ಲಿ ಬಹಳ ಜನ ಕೆಲವೇ ತಿಂಗಳುಗಳಲ್ಲಿ ಮರಳಿ ಬಂದರು. ಬಂದಾಗ ಎಷ್ಟೋ ಶಾಲೆಗಳಿಗೆ ಬೀಗ ಬಿದ್ದಿತ್ತು. ಇಟ್ಟುಕೊಂಡ ಮನೆಗಳಲ್ಲಿ ಕೆಲವು ಮಕ್ಕಳಿಗೆ ಏನಾಯಿತೆಂಬುದನ್ನು ಕಥೆಯಲ್ಲಿ ಒಬ್ಬ ಹುಡುಗ ಅರ್ಧ ವಾಕ್ಯದಲ್ಲಿ ಸೂಚಿಸಿ ಸುಮ್ಮನಾಗುತ್ತಾನೆ. ಕಬ್ಬು ಕಡಿಯುವ ಹಂಗಾಮಿನಲ್ಲಿ ತಾಯಿತಂದೆಗಳ ಬೆನ್ನು ಹತ್ತಿ ಹೋಗಿ, ಮರಳಿ ಬಂದ ಮೇಲೆ ತರಗತಿಯ ಬಾಗಿಲಲ್ಲಿ ನಿಂತುಕೊಳ್ಳುವ ಮಕ್ಕಳನ್ನು ಕಂಡ ನಮ್ಮ ಭಾಗದ ಶಿಕ್ಷಕರಿಗೆ ಆ ಅರ್ಧ ವಾಕ್ಯ ಸಾಕು.

ರಹಸ್ಯವು ಬಿಚ್ಚಿಕೊಳ್ಳುವ ಬಗೆ ಹೀಗಿದೆ. ಆಕಾಶದಿಂದ ಬಿದ್ದದ್ದು ಬೇರೊಂದು ಲೋಕದ ಯುದ್ಧಭೂಮಿಯ ಚಿಕಿತ್ಸಾನೌಕೆ. ಅದರಲ್ಲಿದ್ದ ಅಣುಗಾತ್ರದ ಯಂತ್ರಗಳು ಗಾಯಗೊಂಡ ದೇಹವನ್ನು ಕ್ಷಣದಲ್ಲಿ ಸರಿಪಡಿಸಬಲ್ಲವು. ಆದರೆ ಮನುಷ್ಯನೆಂದರೆ ಹೇಗಿರುತ್ತಾನೆಂಬುದನ್ನು ಅವು ಹಿಂದೆಂದೂ ಕಂಡಿರಲಿಲ್ಲ. ಅವಕ್ಕೆ ಮೊದಲು ಸಿಕ್ಕಿದ್ದು, ರಾತ್ರಿ ನ್ಯಾನ್ಸಿಯ ಬೆನ್ನು ಹತ್ತಿ ಬಂದು ಬಾಂಬಿನಿಂದ ಸತ್ತ, ಮುಖವಾಡ ತೊಟ್ಟ ಜೇಮಿ ಎಂಬ ಹುಡುಗ. ಮನುಷ್ಯನ ಆಕಾರ ಇದೇ ಇರಬೇಕೆಂದು ತಿಳಿದು ಅವು ಅವನನ್ನು ಎಬ್ಬಿಸಿದವು. ಆಮೇಲೆ ಸಿಕ್ಕವರನ್ನೆಲ್ಲ ಅದೇ ಅಚ್ಚಿಗೆ ಹಾಕಿದವು. ಕಥೆಯಲ್ಲಿ ಖಳನೇ ಇಲ್ಲ. ಕೇಡು ಮಾಡಿದ್ದು ಉಪಕಾರ ಮಾಡಹೊರಟ ಅರ್ಧಜ್ಞಾನ. ಮೊದಲ ಬೆಂಚಿನ ಒಬ್ಬ ಹುಡುಗನನ್ನು ಮಾದರಿಯಾಗಿ ಹಿಡಿದು ಉಳಿದ ನಾಲ್ವತ್ತು ಜನರನ್ನು ಅವನಂತೆ ತಿದ್ದಹೊರಡುವ ಶಿಕ್ಷಣಕ್ರಮ ನಮಗೆ ಅಪರಿಚಿತವೇನಲ್ಲ. ಪರೀಕ್ಷೆಯ ಫಲಿತಾಂಶದ ಮೇಲೆ ಶಾಲೆಯ ಮಾನ ನಿಂತಿರುವ ಈ ಕಾಲದಲ್ಲಿ ಅಂಥ ತಿದ್ದುವಿಕೆಗೆ ಹೊಗಳಿಕೆಯೂ ಸಲ್ಲುತ್ತದೆ. ಒಂದು ವಿನೋದವನ್ನೂ ಇಲ್ಲಿ ಹೇಳಬಹುದು. ಮುಖವಾಡದ ರೋಗಿಗಳು ಸುತ್ತುಗಟ್ಟಿದಾಗ ಡಾಕ್ಟರನು ಪಾರಾಗುವದು ಆಯುಧದಿಂದಲ್ಲ. 'ನಡೆ, ನಿನ್ನ ಕೋಣೆಗೆ ಹೋಗು' ಎಂದು ಗದರಿಸುತ್ತಾನೆ. ಎಲ್ಲರೂ ತಲೆ ಬಾಗಿಸಿ ಹಿಂದೆ ಸರಿಯುತ್ತಾರೆ. ನಮ್ಮ ವೃತ್ತಿಬಾಂಧವರಿಗೆ ಈ ಅಸ್ತ್ರದ ಬಲವನ್ನು ಬೇರೆ ಹೇಳಬೇಕಾಗಿಲ್ಲ.

ಜೇಮಿಯನ್ನು ತಮ್ಮನೆಂದು ಹೇಳಿಕೊಳ್ಳುತ್ತಿದ್ದ ನ್ಯಾನ್ಸಿಯೇ ಅವನ ತಾಯಿ. ಮದುವೆಯಿಲ್ಲದೆ, ಹದಿನೈದು ಹದಿನಾರರ ವಯಸ್ಸಿನಲ್ಲಿ ಹೆತ್ತ ಮಗು; ಅಂದಿನ ಸಮಾಜದ ಅಂಜಿಕೆಯಿಂದ ಮಗನಿಗೂ ಸತ್ಯ ಹೇಳಿರಲಿಲ್ಲ. ಇಷ್ಟು ತಿಳಿದೊಡನೆ ಕನ್ನಡದ ಓದುಗನ ಮನಸ್ಸು ಕುಂತಿಯ ಕಡೆಗೆ ಹೋಗದಿರಲಾರದು. ಕನ್ಯೆಯಾಗಿ ಹೆತ್ತು, ಗಂಗೆಗೆ ಬಿಟ್ಟು, ರಂಗಮಂಟಪದಲ್ಲಿ ಮಗನನ್ನು ಗುರುತಿಸಿಯೂ ತುಟಿ ಬಿಚ್ಚದ ಕುಂತಿ. ಪಂಪನೂ ಕುಮಾರವ್ಯಾಸನೂ ಅವಳನ್ನು ಯುದ್ಧದ ಹೊಸ್ತಿಲಲ್ಲಿ ಕರ್ಣನ ಬಳಿಗೆ ಕರೆತರುತ್ತಾರೆ. ಅವಳು ಬಂದದ್ದು ತಾಯಿಯೆಂದು ಹೇಳಲು. ಆದರೆ ಬರುವಾಗ ಉಳಿದ ಮಕ್ಕಳ ಪ್ರಾಣದ ಬೇಡಿಕೆಯನ್ನು ಸೆರಗಿನಲ್ಲಿ ಕಟ್ಟಿಕೊಂಡೇ ಬಂದಳು. ಕುಮಾರವ್ಯಾಸನಲ್ಲಿ, ತೊಟ್ಟ ಬಾಣವನ್ನು ಮರಳಿ ತೊಡುವದಿಲ್ಲವೆಂಬ ಭಾಷೆಯನ್ನು ಪಡೆದು ಹಿಂದಿರುಗುತ್ತಾಳೆ. ಲೋಕದೆದುರಿಗೆ ಇವನು ನನ್ನ ಮಗನೆಂದು ಅವಳು ಒಪ್ಪಿಕೊಂಡದ್ದು, ವ್ಯಾಸಭಾರತದ ಪ್ರಕಾರ, ಸತ್ತವರಿಗೆ ತರ್ಪಣ ಬಿಡುವ ಹೊತ್ತಿನಲ್ಲಿ. ಕೇಳಬೇಕಾದವನ ಕಿವಿ ಅಷ್ಟರಲ್ಲಿ ಕೇಳದಾಗಿತ್ತು.

ನ್ಯಾನ್ಸಿ ಮಗನಿಗೆ ಕೇಳಿಸುವಾಗಲೇ ಹೇಳುತ್ತಾಳೆ, ಪ್ರತಿಯಾಗಿ ಏನನ್ನೂ ಬೇಡದೆ. ಹೌದು, ನಾನೇ ನಿನ್ನ ಅವ್ವ ಎಂದು, ಮುಟ್ಟಿದರೆ ತಾನೂ ಅವನಂತಾಗುವೆನೆಂದು ತಿಳಿದೂ ಅಪ್ಪಿಕೊಳ್ಳುತ್ತಾಳೆ. ಆ ಅಪ್ಪುಗೆಯಲ್ಲಿ ಯಂತ್ರಗಳು ತಾಯಿಯ ದೇಹವನ್ನೂ ಮಗನ ದೇಹವನ್ನೂ ಹೋಲಿಸಿ ನೋಡಿ, ಯಾವದು ಮೂಲ, ಯಾವದು ವಿಕಾರ ಎಂಬುದನ್ನು ಅರಿತುಕೊಳ್ಳುತ್ತವೆ. ಡಾಕ್ಟರನು ಹುಡುಗನ ಮುಖವಾಡವನ್ನು ಎಳೆದರೆ ಅದು ಸಲೀಸಾಗಿ ಕಳಚಿ ಬರುತ್ತದೆ. ಕರ್ಣನ ಕವಚ ಹುಟ್ಟಿನಿಂದ ಮೈಗೆ ಅಂಟಿದ್ದು. ಅದನ್ನು ಅವನು ಕೊಯ್ದು ದಾನ ಕೊಟ್ಟದ್ದು ಸಾವಿಗೆ ದಾರಿಯಾಯಿತು. ಈ ಹುಡುಗನ ಮುಖವಾಡ ಸಾವಿನಿಂದ ಅಂಟಿದ್ದು, ಕಳಚಿದ್ದು ಬದುಕಿಗಾಯಿತು. ಮೊಫಟ್ ಅವರು ಭಾರತವನ್ನು ಮನಸ್ಸಿನಲ್ಲಿಟ್ಟು ಬರೆದರೆಂದು ನಾನು ಹೇಳುತ್ತಿಲ್ಲ. ಮುಚ್ಚಿಟ್ಟ ತಾಯ್ತನ ಯುದ್ಧದಲ್ಲಿ ಬಯಲಾಗುವ ವಸ್ತು ಎರಡೂ ಕಡೆ ಇರುವದರಿಂದ ತೌಲನಿಕ ವಿಚಾರ ಸಹಜವಾಗುತ್ತದೆ.

ಇನ್ನು ಮುಕ್ತಾಯದ ಪ್ರಶ್ನೆ. ಎಲ್ಲರೂ ಬದುಕಿದರು, ಈ ಒಂದು ಸಲವಾದರೂ ಎಲ್ಲರೂ ಬದುಕಿದರು ಎಂದು ಡಾಕ್ಟರನು ಹರ್ಷದಿಂದ ಕೂಗುತ್ತಾನೆ. ಕಾಲು ಕಳೆದುಕೊಂಡಿದ್ದ ಮುದುಕಿಗೆ ಕಾಲು ಮರಳಿ ಬರುತ್ತದೆ; ಯುದ್ಧದ ಗಡಿಬಿಡಿಯಲ್ಲಿ ನೀವೇ ಎಣಿಕೆ ತಪ್ಪಿರಬಹುದೆಂದು ಅವಳಿಗೆ ಸಮಾಧಾನ ಹೇಳುತ್ತಾರೆ. ಇದು ಬಾಲಿಶ ಸುಖಾಂತವೇ? ಹಾಗೆಂದು ನಾನು ಭಾವಿಸಲಾರೆ. ಆ 'ಒಂದು ಸಲ' ಎಂಬ ಮಾತಿನಲ್ಲಿ ಉಳಿದ ಸಲಗಳ ಲೆಕ್ಕವೆಲ್ಲ ಅಡಗಿದೆ. ಮಾಲಿಕೆಯ ಹಿನ್ನೆಲೆಯಂತೆ ಈ ಡಾಕ್ಟರನು ತನ್ನ ಕುಲವನ್ನೆಲ್ಲ ಯುದ್ಧದಲ್ಲಿ ಕಳೆದುಕೊಂಡು ಬಂದವನು. ಆದರೆ ಸಾಹಸಿಗ ಜಾಕ್‌ನು ಬೀಳುತ್ತಿದ್ದ ಬಾಂಬನ್ನು ನಡುಗಾಳಿಯಲ್ಲಿ ತಡೆಯುವದು, ತಾನು ಸಾಯುವ ಮುನ್ನ ಹೇಗೋ ಪಾರಾಗುವದು, ಇವು ಕೃತಕ. ರೋಜ್‌ಳ ನೃತ್ಯ ಸರಸಗಳೂ ಅಳತೆ ಮೀರಿವೆ.

ಆಸ್ಪತ್ರೆಯ ಮುದಿ ವೈದ್ಯ ಕಾನ್‌ಸ್ಟಂಟೈನ್‌ನ ಪಾತ್ರ ಅಲ್ಪಕಾಲದ್ದಾದರೂ ಮರೆಯುವಂಥದಲ್ಲ. ಯುದ್ಧದ ಮೊದಲು ತಂದೆಯೂ ಅಜ್ಜನೂ ಆಗಿದ್ದ ತಾನು ಈಗ ಎರಡೂ ಅಲ್ಲ, ವೈದ್ಯನಾಗಿ ಮಾತ್ರ ಉಳಿದಿದ್ದೇನೆ ಎಂಬರ್ಥದ ಅವನ ಮಾತು ಸೊಲ್ಲಾಪುರದವರಿಗೆ ಮತ್ತೊಬ್ಬ ವೈದ್ಯರನ್ನು ನೆನಪಿಸುತ್ತದೆ. 1910ರಲ್ಲಿ ಈ ಊರಲ್ಲಿ ಜನಿಸಿದ ಡಾ. ದ್ವಾರಕಾನಾಥ ಕೋಟ್ನೀಸರು 1938ರಲ್ಲಿ ಐವರು ವೈದ್ಯರ ತಂಡದೊಡನೆ ಚೀನಕ್ಕೆ ಹೋಗಿ, ಯುದ್ಧದ ಗಾಯಾಳುಗಳ ಶುಶ್ರೂಷೆ ಮಾಡುತ್ತ 1942ರ ಡಿಸೆಂಬರ 9ರಂದು, 32ನೆಯ ವಯಸ್ಸಿನಲ್ಲಿ, ಅಲ್ಲಿಯೇ ತೀರಿಕೊಂಡರು. ವ್ಹಿ. ಶಾಂತಾರಾಮರು 1946ರಲ್ಲಿ ಅದನ್ನು ಚಿತ್ರವಾಗಿಸಿದರು. ಅಣುಯಂತ್ರಗಳಿಲ್ಲದ ಆ ಕಥೆಯಲ್ಲಿ ವೈದ್ಯನೂ ಉಳಿಯಲಿಲ್ಲ. ಎರಡನ್ನೂ ಒಟ್ಟಿಗೆ ಇಟ್ಟು ನೋಡಿದಾಗಲೇ, ಎಲ್ಲರೂ ಬದುಕಿದರು ಎಂಬ ಆ ಕೂಗಿನ ಬೆಲೆ ನಮಗೆ ತಿಳಿಯುತ್ತದೆ.

ನನ್ನ ದೊಡ್ಡ ಆಕ್ಷೇಪ ಬೇರೆಯದು. ಯುರೋಪದ ದೇಶಗಳು ಒಂದೊಂದಾಗಿ ಉರುಳುತ್ತಿರುವಾಗ ಒಂದು ಚಿಕ್ಕ, ತೇವದ ದ್ವೀಪ ಮಾತ್ರ 'ಇಲ್ಲ' ಎಂದಿತು, ಸಿಂಹದೆದುರು ಇಲಿ ನಿಂತಂತೆ ಎಂದು ಡಾಕ್ಟರನು ನ್ಯಾನ್ಸಿಯೆದುರು ಹೊಗಳುತ್ತಾನೆ. ಲಂಡನ್ನಿನ ಜನರ ಧೈರ್ಯಕ್ಕೆ ಈ ಹೊಗಳಿಕೆ ಸಲ್ಲತಕ್ಕದ್ದೇ. ಆದರೆ ಅದೇ ದ್ವೀಪ 1939ರ ಸಪ್ಟೆಂಬರ 3ರಂದು ಹಿಂದುಸ್ತಾನವನ್ನು ಒಂದು ಮಾತೂ ಕೇಳದೆ ಯುದ್ಧಕ್ಕೆ ಎಳೆಯಿತು. ಸುಮಾರು 25 ಲಕ್ಷ ಹಿಂದೀ ಸೈನಿಕರು ಆ ಯುದ್ಧದಲ್ಲಿ ದುಡಿದರು. ಅದಕ್ಕೂ ಮೊದಲು, 1930ರ ಮೇ ತಿಂಗಳಲ್ಲಿ, ಗಿರಣಿಗಳ ಈ ಊರು ಆ ದ್ವೀಪಕ್ಕೇ 'ಇಲ್ಲ' ಎಂದಿತ್ತು. ಉತ್ತರವಾಗಿ ಬಂದದ್ದು ಲಷ್ಕರೀ ಕಾಯದೆ. ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಶ್ರೀಕಿಸನ್ ಸಾರಡಾ, ಜಗನ್ನಾಥ ಶಿಂದೆ ಈ ನಾಲ್ವರನ್ನು 1931ರ ಜಾನೇವರಿ 12ರಂದು ಯರವಡೆಯಲ್ಲಿ ಗಲ್ಲಿಗೇರಿಸಿದರು. ಕಾಲದ ಎಲ್ಲ ಮೂಲೆಗಳನ್ನು ಕಂಡವನೆಂದು ಹೇಳಿಕೊಳ್ಳುವ ಯಾತ್ರಿಕನು ಇಲಿಯೆಂದು ಕರೆದದ್ದು ಸೊಲ್ಲಾಪುರದಿಂದ ನೋಡಿದರೆ ಸಿಂಹವಾಗಿತ್ತು. ಕಥೆಗಾರನಿಗೆ ತನ್ನ ಊರ ಮಕ್ಕಳು ಕಂಡದ್ದು ತಪ್ಪಲ್ಲ. ಆ ಸಾಮ್ರಾಜ್ಯದ ಒಂದು ನೆನಪಾದರೂ ಆ ಮಾತಿನಲ್ಲಿ ಸುಳಿದಿದ್ದರೆ ಅದಕ್ಕೆ ಹೆಚ್ಚಿನ ತೂಕ ಬರುತ್ತಿತ್ತು.

ಯುದ್ಧ ಮತ್ತು ವಿಜ್ಞಾನಗಳನ್ನು ಬೆರೆಸಿದ ಕಥೆ ನಮ್ಮ ನೆರೆಮನೆಯ ಮರಾಠಿಯಲ್ಲಿಯೂ ಉಂಟು. ಜಯಂತ ನಾರಳೀಕರರ ಗಂಗಾಧರಪಂತರ ಪಾಣಿಪತದ ಕಥೆಯನ್ನು ಹನ್ನೊಂದನೆಯ ತರಗತಿಯ ಇಂಗ್ಲಿಷ್ ಪಠ್ಯದಲ್ಲಿ ನಮ್ಮಲ್ಲಿ ಅನೇಕರು ಬಲ್ಲರು. ಅಲ್ಲಿ 1761ರ ಯುದ್ಧದ ಫಲವೇ ತಿರುಗಿ, ಮರಾಠರು ಗೆದ್ದ ಬೇರೊಂದು ಇತಿಹಾಸ ಎದುರಾಗುತ್ತದೆ. ಅದು ಬುದ್ಧಿಗೆ ಒಡ್ಡಿದ ಸಮಸ್ಯೆ. ಮೊಫಟ್ ಅವರ ಕಥೆ ಯುದ್ಧದ ಫಲವನ್ನು ಮುಟ್ಟುವದೇ ಇಲ್ಲ. ಒಂದು ರಾತ್ರಿಯ ಒಂದು ಮಗುವನ್ನಷ್ಟೇ ಬದಲಿಸುತ್ತದೆ.

ತರಗತಿಯಲ್ಲಿ ಬಳಸುವವರಿಗೆ ಒಂದು ಸೂಚನೆ. ಮೊದಲ ಕಂತಿನಲ್ಲಿ ಮುದಿ ವೈದ್ಯನ ಮುಖ ಮುಖವಾಡವಾಗಿ ಮಾರ್ಪಡುವ ದೃಶ್ಯ ಚಿಕ್ಕವರನ್ನು ರಾತ್ರಿ ಬೆಚ್ಚಿಬೀಳಿಸುವಂಥದು. ಒಂಬತ್ತನೆಯ ತರಗತಿಯ ಕೆಳಗಿನವರಿಗೆ ಬೇಡ. ಒಂಬತ್ತು ಹತ್ತರವರಿಗೆ ತೋರಿಸುವದಾದರೆ ಎರಡೂ ಕಂತುಗಳನ್ನು ಒಂದೇ ದಿನ ತೋರಿಸಬೇಕು. ನಡುವೆ ವಾರ ಬಿಟ್ಟರೆ ಮಕ್ಕಳ ಮನಸ್ಸಿನಲ್ಲಿ ಆ ಹುಡುಗ ದೆವ್ವವಾಗಿಯೇ ಉಳಿದಾನು.